ಮೊದಲ ಮುದ್ರಣ

ಪುಸ್ತಕ ಕೈಗೆ ಬಂದರೆ ನನಗೆ ಕತೆಯ ಅವಸರವಿಲ್ಲ. ಮೊದಲು ಶೀರ್ಷಿಕೆಯ ಹಾಳೆಯ ಹಿಂಬದಿ ನೋಡಬೇಕು. ಅಲ್ಲಿ ಸಣ್ಣಕ್ಷರಗಳ ಬುಡದಲ್ಲಿ ಅಂಕಿಗಳದೊಂದು ಸಾಲು. ಹಲವು ಬ್ರಿಟಿಷ್ ಪ್ರಕಾಶಕರಲ್ಲಿ ಅದು 1 3 5 7 9 10 8 6 4 2. ಮರುಮುದ್ರಣವಾದಾಗೆಲ್ಲ ಅತಿ ಚಿಕ್ಕ ಅಂಕಿ ಉದುರುತ್ತದೆ. 1 ಇನ್ನೂ ಕೂತಿದ್ದರೆ ಮೊದಲ ಮುದ್ರಣ. ಆ ಸುಖವನ್ನು ಒಂದು ಲೋಟ ಚಹಾದೊಂದಿಗೆ ನಿಧಾನ ಸವಿಯಬೇಕು.

ಜಾಕೆಟ್ಟಿನ ಒಳಮಡಿಕೆಯ ಮೂಲೆಯಲ್ಲಿ ಪೌಂಡಿನ ಬೆಲೆ ಇರುತ್ತದೆ. ಉಡುಗೊರೆ ಕೊಡುವವರು ಅದನ್ನು ಕತ್ತರಿಸುತ್ತಾರೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಕುಂದು. ನನಗೋ, ಯಾರೋ ಯಾರಿಗೋ ಪ್ರೀತಿಯಿಂದ ಕೊಟ್ಟದ್ದರ ಗುರುತು. ಅಂಥ ಪ್ರತಿಗಳನ್ನು ಬೇಕೆಂದೇ ಕೊಳ್ಳುತ್ತೇನೆ.

ಮಂಗಳೂರಿನ ಉರ್ವದಲ್ಲಿ ಜೂನ್ ಮಳೆ ಹಿಡಿಯಿತೆಂದರೆ ರಟ್ಟಿನ ಅಂಚಿಗೆ ಬಿಳಿ ಬೂಸ್ಟು. ಕಪಾಟನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆದು, ಒಂದೊಂದನ್ನೇ ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಬಿಡಿಸಿಡುತ್ತೇನೆ. ಬಿಸಿಲಿಗೆ ಒಡ್ಡಿದರೆ ಬೆನ್ನಿನ ಬಣ್ಣ ಹಾರಿಹೋಗುತ್ತದೆ. ಒರೆಸುವಾಗ ನಡುನಡುವೆ ಓದದೆ ಇರಲಾಗುವುದಿಲ್ಲ. ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅವರ 'ಆಫ್‌ಶೋರ್' ಅಂಥದ್ದು. 1979ರಲ್ಲಿ ಬೂಕರ್ ಪಡೆದ ಆ ತೆಳ್ಳನೆಯ ಕಾದಂಬರಿಯನ್ನು ಅವರು ಬರೆದದ್ದು ಅರವತ್ತು ದಾಟಿದ ಮೇಲೆ.

ಆದರೂ ನನಗೆ ಹೆಚ್ಚು ಹತ್ತಿರದ ಲೇಖಕರು ಐರಿಷರೇ. ಜಾನ್ ಮೆಕ್‌ಗಹರ್ನ್ ಅವರ 'ಅಮಂಗ್ಸ್ಟ್ ವಿಮೆನ್' (1990) ಕಾದಂಬರಿಯಲ್ಲಿ ಮೊರಾನ್ ಮನೆಯವರು ಸಂಜೆ ಮೊಣಕಾಲೂರಿ ಜಪಸರ ಹೇಳುತ್ತಾರೆ. ನಮ್ಮ ಲೇಡಿಹಿಲ್ ಕಡೆಯ ಕೊಂಕಣಿ ಕ್ರೈಸ್ತ ಮನೆಗಳ ತೇರ್ಸ್, ಅಂದರೆ ಅದೇ ಜಪಸರ, ಕೇಳಿದವರಿಗೆ ಅಪ್ಪ ಮೊರಾನನ ದರ್ಪವೂ ಹೆಣ್ಣುಮಕ್ಕಳ ಮೌನವೂ ವಿವರಣೆಯಿಲ್ಲದೆ ತಿಳಿಯುತ್ತವೆ.

ಕಪಾಟಿನ ಆಸ್ಟ್ರೇಲಿಯದ ಸಾಲಿನಲ್ಲಿ ಪ್ಯಾಟ್ರಿಕ್ ವೈಟ್, ಡೇವಿಡ್ ಮಲೂಫ್, ಟಿಮ್ ವಿಂಟನ್ ಆದ ಮೇಲೆ ನಮ್ಮ ಅರವಿಂದ ಅಡಿಗರನ್ನು ಇಟ್ಟಿದ್ದೇನೆ. ಮಂಗಳೂರಿನ ಕೆನರಾ ಹೈಸ್ಕೂಲು, ಸಂತ ಅಲೋಶಿಯಸ್‌ನಲ್ಲಿ ಓದಿ ಸಿಡ್ನಿಗೆ ಹೋದವರು. ಅವರ 'ಆಮ್ನೆಸ್ಟಿ' 2021ರಲ್ಲಿ ಆಸ್ಟ್ರೇಲಿಯದ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತ್ತು. ಆದ್ದರಿಂದ ಆ ಜಾಗ ಅವರ ಹಕ್ಕಿನದು. ಗೋವಾಕ್ಕೂ ಕಲ್ಲಿಕೋಟೆಗೂ ನಡುವೆ ಕಿತ್ತೂರೆಂಬ ಊರನ್ನು ಕಲ್ಪಿಸಿ ಬರೆದ 'ಬಿಟ್ವೀನ್ ದಿ ಅಸಾಸಿನೇಷನ್ಸ್' ಮೊದಲು ಹೊರಬಂದದ್ದು ಭಾರತದಲ್ಲಿ, 2008ರ ಪಿಕಡಾರ್ ಮುದ್ರಣವಾಗಿ. ಬ್ರಿಟನ್ನಿಗೆ ತಲುಪಿದ್ದು 2009ಕ್ಕೆ. ಲಂಡನ್ನಿನ ಸಂಗ್ರಾಹಕ ನಿಜವಾದ ಮೊದಲ ಮುದ್ರಣ ಬೇಕೆಂದರೆ ನಮ್ಮ ಅಂಗಡಿಗಳನ್ನೇ ಹುಡುಕಬೇಕು. ನನ್ನ ಹತ್ತಿರ ಒಂದಿದೆ. ಇನ್ನೊಂದು ಕಂಡರೂ ಬಿಡುವವನಲ್ಲ.