ಎಳೆ ಎಣಿಸುವವರು

ತರಕಾರಿ ಗಾಡಿಯಲ್ಲಿ ತಕ್ಕಡಿಯ ಪಕ್ಕ ನೇತಾಡುವ ಕ್ಯೂಆರ್ ಕೋಡಿನತ್ತ ಫೋನ್ ಹಿಡಿದು ದುಡ್ಡು ಕೊಟ್ಟು ಬರುತ್ತೇವೆ. ಅದರ ಅಂದ ನೋಡುತ್ತ ನಿಲ್ಲುವ ವ್ಯವಧಾನ ಯಾರಿಗಿದೆ? ಗಿಯೆರ್ಮೊ ಬೆರ್ಟ್ ನಿಂತು ನೋಡಿದರು. ಚಿಲಿಯ ಸಾಂತಿಯಾಗೊದಲ್ಲಿ ಹುಟ್ಟಿದ ಈ ಕಲಾವಿದರು ಪಿನೊಚೆಯ ಸರ್ವಾಧಿಕಾರದ ಕಾಲದಲ್ಲಿ, 1981ರಲ್ಲಿ, ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದವರು. ಆ ಕಪ್ಪುಬಿಳಿ ಚೌಕಗಳಲ್ಲಿ ಅವರಿಗೆ ಕಂಡದ್ದು ದಕ್ಷಿಣ ಚಿಲಿಯ ಮೂಲನಿವಾಸಿ ಮಾಪುಚೆ ಜನರ ನೇಯ್ಗೆ.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಬೆರ್ಟ್ ಅದನ್ನು ಮಗ್ಗದ ಬಳಿಗೆ ಒಯ್ದರು. ಮಾಪುಚೆ ಹಿರಿಯರನ್ನು ಮಾತಾಡಿಸಿ, ಅವರ ಕತೆಗಳನ್ನು ಚಿತ್ರೀಕರಿಸಿ, ಆ ಮಾತುಗಳಿಗೆ ದಾರಿ ತೋರುವ ಸಂಕೇತವನ್ನು ವಿನ್ಯಾಸವಾಗಿ ಬಿಡಿಸಿದರು. ಅದನ್ನು ಅಲ್ಲಿನ ನೇಕಾರ ಹೆಂಗಸರು ಉಣ್ಣೆಯಲ್ಲಿ ನೇಯ್ದರು. ಗೋಡೆಯ ಮೇಲಿನ ಆ ನೇಯ್ಗೆಯತ್ತ ಫೋನ್ ಹಿಡಿದರೆ ಕತೆ ತೆರೆದುಕೊಳ್ಳುತ್ತದೆ. ಮುಂದೆ ಸಪೊತೆಕ್, ಮಾಯಾ ನೇಕಾರರೊಂದಿಗೂ ಈ ಕೆಲಸ ಬೆಳೆಯಿತು.

ನನಗೆ ಇದರಲ್ಲಿ ತುಂಬ ಹಿಡಿಸುವುದು ಎಣಿಕೆ. ಧಾರವಾಡದ ಕಡೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಮಗ್ಗದ ಮುಂದೆ ಕೂತವರದ್ದೂ ಅದೇ ಜಾಣ್ಮೆ. ಇಲ್ಲಿ ಕಪ್ಪು, ಇಲ್ಲಿ ಬಿಳಿ ಎಂಬ ಲೆಕ್ಕ ಅವರಿಗೆ ಕಂಪ್ಯೂಟರಿನಿಂದ ಬರಬೇಕಿರಲಿಲ್ಲ, ಬೆರಳಲ್ಲೇ ಇತ್ತು. ಆದರೂ ಸಾಲುಗಳು ಬಿಗಿದು, ಸಡಿಲಗೊಂಡು, ಚೌಕ ತುಸು ಓರೆಯಾಗುವುದುಂಟು. ಕ್ಯೂಆರ್ ಅದನ್ನು ಸಹಿಸುತ್ತದೆ. ತಿದ್ದುವ ಗುಣವನ್ನು ಗರಿಷ್ಠ ಮಟ್ಟದಲ್ಲಿ ಅಳವಡಿಸಿದ್ದರೆ ಸುಮಾರು 30% ಹಾಳಾದರೂ ಓದಬಹುದು. ಯಂತ್ರವೊಂದು ಕೈಯ ಓರೆಕೋರೆಗೆ ಇಷ್ಟು ಜಾಗ ಬಿಟ್ಟಿರುವುದು ನನಗೆ ಸಂತೋಷದ ಸಂಗತಿ.

ಒಂದು ಚಿಂತೆಯೂ ಕಾಡುತ್ತದೆ. ನುಸಿ ತಾಗದಂತೆ ಕಾಪಾಡಿದ ಉಣ್ಣೆ ಶತಮಾನಗಳ ಕಾಲ ಬಾಳುತ್ತದೆ. ಅಂತರ್ಜಾಲದ ವಿಳಾಸಕ್ಕೆ ಅಷ್ಟು ಆಯುಷ್ಯವೆಲ್ಲಿ? ಒಂದು ದಿನ ಫೋನ್ ಹಿಡಿದವರಿಗೆ ಏನೂ ಸಿಗದೆ ಹೋಗಬಹುದು. ಹಾಗಾಗಿ ಸಂಕೇತ ತೆರೆದುಕೊಳ್ಳುವ ಕ್ಷಣಕ್ಕಿಂತ ಅದಕ್ಕೂ ಮುಂಚಿನದು ನನಗೆ ಹೆಚ್ಚು ಬೆಲೆಯುಳ್ಳದ್ದು: ಊರು ಬಿಟ್ಟು ದಶಕಗಳಾದ ಮನುಷ್ಯ ತನ್ನ ದೇಶಕ್ಕೆ ಮರಳಿ, ತಾನು ಅಲ್ಲಿದ್ದಾಗ ಪಕ್ಕದಲ್ಲೇ ಇದ್ದ ಜನರ ಮನೆಗಳಿಗೆ ಹೋಗಿ, ಅವರ ಮಾತಿಗೆ ಕಿವಿಗೊಟ್ಟು ಕೂತದ್ದು.