ಐವತ್ತು ಸೆಂಟಿನ ಪುಸ್ತಕ

ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಹಲವು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವನು ನಾನು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ತೂಕಡಿಸುತ್ತ ಕೂರುವ ಹುಡುಗರಿಗೆ ಕ್ರಿಯಾಪದ ಹೇಳಿಕೊಡುವವನಿಗೆ, ಈ ವ್ಯಾಕರಣಗಳನ್ನೆಲ್ಲ ಬರೆದವರಾದರೂ ಯಾರು ಎಂಬ ಕುತೂಹಲ ಹುಟ್ಟದೆ ಇರುತ್ತದೆಯೆ? ಹಾಗೆ ಹುಡುಕುವಾಗ ಸಿಕ್ಕವರು ಅಮೆರಿಕದ ಕೇಲಬ್ ಬಿಂಗಮ್ ಮೇಷ್ಟ್ರು.

1757ರಲ್ಲಿ ಕನೆಕ್ಟಿಕಟ್‌ನ ಸಾಲ್ಸ್‌ಬರಿಯಲ್ಲಿ ಹುಟ್ಟಿ, ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿದವರು. ಬೋಸ್ಟನ್‌ನ ಸಾರ್ವಜನಿಕ ಶಾಲೆಗಳಲ್ಲಿ ಹುಡುಗಿಯರಿಗೆ ಜಾಗವಿಲ್ಲದಿದ್ದ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದರು. ಅವರಿಗಾಗಿಯೇ 1785ರಲ್ಲಿ 'ದಿ ಯಂಗ್ ಲೇಡೀಸ್ ಆಕ್ಸಿಡೆನ್ಸ್' ಎಂಬ ಪುಟ್ಟ ವ್ಯಾಕರಣ ಬರೆದರು. (ಆಕ್ಸಿಡೆನ್ಸ್ ಅಂದರೆ ಅಪಘಾತವಲ್ಲ, ಪದಗಳ ರೂಪ ಬದಲಾಗುವ ಬಗೆ. ಕಲಿಯುವವರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ!)

ಮುಂದೆ ಊರಿನ ಶಾಲೆಗೇ ಮೇಷ್ಟ್ರಾದಾಗ ಸಂಬಳಕ್ಕೆ ನಗದಿನ ಬದಲು ಚೀಟಿ ಕೊಡುತ್ತಿದ್ದರು. ಬೇಗ ಹಣ ಬೇಕೆಂದರೆ ಅದನ್ನು ಕಡಿಮೆ ಬೆಲೆಗೆ ಮಾರಬೇಕು. ಬಿಂಗಮ್ ಮೇಷ್ಟ್ರು ಚೀಟಿ ಮಾರಾಟಕ್ಕಿದೆ ಎಂದು ಪತ್ರಿಕೆಯಲ್ಲೇ ಜಾಹೀರಾತು ಹಾಕಿಬಿಟ್ಟರು. ಊರಿನ ಮಾನ ಕಳೆದೆಯೆಂದು ಸಭೆಗೆ ಕರೆಸಿದರೆ, ನನ್ನ ಕೆಲಸ ನಾನು ಮಾಡಿದ್ದೇನೆ, ಮನೆಮಂದಿ ಇದ್ದಾರೆ, ಕ್ಷಮೆ ಕೇಳುವುದಿಲ್ಲ ಎಂದರು. ಒಂದು ಕೋಚಿಂಗ್ ಕ್ಲಾಸಿನವರು ನಾಲ್ಕು ತಿಂಗಳ ಸಂಬಳ ಬಾಕಿ ಉಳಿಸಿಕೊಂಡಿದ್ದನ್ನು ಕಂಡ ನನಗೆ ಈ ಮನುಷ್ಯ ಅಲ್ಲೇ ಇಷ್ಟವಾದರು.

ಕೊನೆಗೆ ಪಾಠ ಬಿಟ್ಟು ಪುಸ್ತಕದಂಗಡಿ ಇಟ್ಟರು. ಬಾಲ್ಯದಲ್ಲಿ ಓದಲು ಪುಸ್ತಕ ಸಿಗದ ಕೊರಗು ಮನಸ್ಸಿನಲ್ಲಿತ್ತು. 1803ರಲ್ಲಿ ಹುಟ್ಟೂರಿನ 9ರಿಂದ 16 ವರ್ಷದ ಮಕ್ಕಳಿಗೆಂದು 150 ಪುಸ್ತಕ ಕಳಿಸಿಕೊಟ್ಟರು.

1797ರಲ್ಲಿ ಅವರು ಸಂಪಾದಿಸಿದ್ದ 'ದಿ ಕೊಲಂಬಿಯನ್ ಒರೇಟರ್' ಎಂಬ ಭಾಷಣ ಕಲಿಕೆಯ ಪುಸ್ತಕದಲ್ಲಿ ಒಂದು ಸಂಭಾಷಣೆ ಇದೆ. ಓಡಿಹೋಗಿ ಮತ್ತೆ ಸಿಕ್ಕಿಬಿದ್ದ ಗುಲಾಮ ಒಡೆಯನೊಡನೆ ವಾದಿಸುತ್ತಾನೆ. ಒಡೆಯನ ಒಂದೊಂದು ಮಾತಿಗೂ ಉತ್ತರ ಕೊಟ್ಟು, ಕಡೆಗೆ ಬಿಡುಗಡೆ ಪಡೆಯುತ್ತಾನೆ.

ಮೇಷ್ಟ್ರು ತೀರಿಕೊಂಡದ್ದು 1817ರಲ್ಲಿ. ಮರುವರ್ಷ ಮೇರಿಲ್ಯಾಂಡಿನಲ್ಲಿ ಗುಲಾಮಗಿತ್ತಿಯೊಬ್ಬಳ ಮಗನಾಗಿ ಫ್ರೆಡೆರಿಕ್ ಡಗ್ಲಾಸ್ ಹುಟ್ಟಿದರು. ಆ ಹುಡುಗನಿಗೆ ಅಕ್ಷರ ಕಲಿಸಬೇಡವೆಂದು ಬಾಲ್ಟಿಮೋರಿನ ಯಜಮಾನ ತನ್ನ ಹೆಂಡತಿಯನ್ನು ತಡೆದಿದ್ದ. ಹುಡುಗ ಬೀದಿಯ ಬಿಳಿಯ ಹುಡುಗರಿಂದ ಕದ್ದುಮುಚ್ಚಿ ಓದು ಕಲಿತ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ, ಬೂಟು ಪಾಲಿಶ್ ಮಾಡಿ ಕೂಡಿಟ್ಟ ಐವತ್ತು ಸೆಂಟು ಕೊಟ್ಟು 'ಒರೇಟರ್' ಕೊಂಡ. ಬಿಡುವಾದಾಗಲೆಲ್ಲ ಅದನ್ನೇ ಓದಿದ. ತನ್ನೊಳಗೆ ಸುಳಿದು, ಮಾತು ಸಿಗದೆ ಮಾಯವಾಗುತ್ತಿದ್ದ ಯೋಚನೆಗಳಿಗೆ ಆ ಪುಸ್ತಕ ಮಾತು ಕೊಟ್ಟಿತೆಂದು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು.

1838ರಲ್ಲಿ ಅವರು ಬಾಲ್ಟಿಮೋರಿನಿಂದ ರೈಲು ಹತ್ತಿ, ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದರು.