ಸೂಜಿಯ ಮೇಲೊಂದು ವಾರ

ಹಕಾತದಿಂದ ಹೊರಟ ರೈಲು ಬೆಟ್ಟಗಳ ಸಂದಿಯನ್ನು ದಾಟಿದ್ದೇ ತಡ, ಕಿಟಕಿಯಾಚೆ ಬಯಲು ಬಿಚ್ಚಿಕೊಂಡಿತು. ಮೇ ತಿಂಗಳ ಕೊನೆ. ಬಾರ್ಲಿ ಕೊಯ್ಲಿಗೆ ಬಂದಿತ್ತು. ಕೊಯ್ದ ಗದ್ದೆಗೇ ನೀರು ಬಿಟ್ಟು ಭತ್ತ ನಾಟುವುದು ಇಲ್ಲಿನ ರೂಢಿ. ಜಪಾನಿನ ಕ್ಯೂಶೂ ದ್ವೀಪದ ಈ ಸಾಗಾ ಪ್ರಾಂತ್ಯಕ್ಕೆ ಜನ ಬರುವುದು ಶರತ್ಕಾಲದ ಬಲೂನು ಹಬ್ಬಕ್ಕೆ, ಇಲ್ಲವೇ ಅರಿತಾದ ಪಿಂಗಾಣಿ ಕೊಳ್ಳಲಿಕ್ಕೆ. ನಾನು ಹೋದದ್ದು ಸೂಜಿ ನೋಡಲು.

ಬಯೋಪ್ರಿಂಟಿಂಗ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಬಗೆ. ಜೀವಕೋಶಗಳನ್ನು ಜೆಲ್‌ನಲ್ಲಿ ಕಲಸಿ, ಸಿರಿಂಜಿಗೆ ತುಂಬಿ, ಎಳೆಎಳೆಯಾಗಿ ಹಿಂಡುತ್ತ ಪದರದ ಮೇಲೆ ಪದರ ಕಟ್ಟುವುದು. ಜೆಲ್ ಇಲ್ಲದೆ ಆಕಾರ ನಿಲ್ಲುವುದಾದರೂ ಹೇಗೆ ಅಂದುಕೊಂಡಿದ್ದೆ. ಸಾಗಾ ವಿಶ್ವವಿದ್ಯಾಲಯದ ಕೋಯಿಚಿ ನಕಯಾಮ ಅವರ ವಿಧಾನದಲ್ಲಿ ಜೆಲ್ಲೂ ಇಲ್ಲ, ಪ್ಲಾಸ್ಟಿಕ್ಕಿನ ಹಂದರವೂ ಇಲ್ಲ. ಕೋಶಗಳು ಮಾತ್ರ. ನಕಯಾಮ ಮೂಲತಃ ಮೂಳೆ ಡಾಕ್ಟರು. ಮುರಿದ ಮೂಳೆಯ ತುಂಡುಗಳನ್ನು ತಂತಿ, ಕಂಬಿಗಳಿಂದ ಹಿಡಿದು ನಿಲ್ಲಿಸುವುದು, ಅವು ತಾವಾಗಿ ಕೂಡಿಕೊಂಡ ಮೇಲೆ ಕಂಬಿ ತೆಗೆಯುವುದು ಆ ಕಸುಬಿನವರ ದಿನನಿತ್ಯದ ಕೆಲಸ. ಅವರ ಯಂತ್ರವನ್ನು ಕಂಡಾಗ ಇದು ಮೂಳೆ ಡಾಕ್ಟರಿಗೇ ಹೊಳೆಯಬೇಕಾದ ಉಪಾಯ ಅನ್ನಿಸಿತು.

ಉಪಾಯದ ಹೆಸರು ಬಂದಿರುವುದು ಮಾತ್ರ ಹೂವಿನ ಕಡೆಯಿಂದ. ಇಕೆಬಾನಾ ಜೋಡಿಸುವವರು ಬಟ್ಟಲಿನ ತಳದಲ್ಲಿ ಭಾರದ ಒಂದು ಲೋಹದ ಬಿಲ್ಲೆ ಇಡುತ್ತಾರೆ. ಅದರ ತುಂಬ ನೆಟ್ಟಗೆ ನಿಂತ ಮೊಳೆಗಳು. ದೇಟನ್ನು ಅದಕ್ಕೆ ಚುಚ್ಚಿದರೆ ಹೂವು ಬೇಕಾದ ಓರೆಯಲ್ಲಿ ನಿಲ್ಲುತ್ತದೆ. ಅದು ಕೆನ್‌ಜಾನ್. ಪ್ರಯೋಗಾಲಯದ ಕೆನ್‌ಜಾನ್‌ನಲ್ಲಿ ಮೊಳೆಗಳ ಬದಲು ಉಕ್ಕಿನ ಸೂಜಿಗಳು. ಒಂದೊಂದರ ದಪ್ಪ ಸುಮಾರು 170 ಮೈಕ್ರಾನ್, ಸೂಜಿಯಿಂದ ಸೂಜಿಗೆ 400 ಮೈಕ್ರಾನ್. ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು ಇಟ್ಟರೂ ಇಡೀ ಚೌಕ ಮೂರು ಮಿಲಿಮೀಟರ್ ಚಿಲ್ಲರೆ. ಬರಿಗಣ್ಣಿಗೆ ಅದು ಬೂದು ಬಣ್ಣದ ಒಂದು ಕಲೆ, ಅಷ್ಟೆ. ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಾಗಲೇ ಮೈ ಜುಮ್ಮೆಂದದ್ದು.

ಆ ಸೂಜಿಗೆ ಚುಚ್ಚುವುದು ಬಿಡಿ ಕೋಶಗಳನ್ನಲ್ಲ, ಕೋಶಗಳ ಉಂಡೆಗಳನ್ನು. ಸ್ಫೆರಾಯ್ಡ್ ಎನ್ನುತ್ತಾರೆ. ಉಂಡೆ ಕಟ್ಟುವವರು ಯಾರೂ ಇಲ್ಲ! ತಳ ಗುಂಡಗಿರುವ, ಏನೂ ಅಂಟದ ಗುಳಿಗಳಿಗೆ ಕೋಶಗಳ ದ್ರವ ಹಾಕಿ ಬೆಚ್ಚಗಿಟ್ಟರಾಯಿತು. ಹಿಡಿದುಕೊಳ್ಳಲು ಬೇರೇನೂ ಸಿಗದ ಕೋಶಗಳು ಒಂದನ್ನೊಂದು ಹಿಡಿದುಕೊಂಡು ತಾವೇ ಗುಂಡಗಾಗುತ್ತವೆ. ಒಂದು ತಟ್ಟೆಗೆ 96 ಗುಳಿ, ಗುಳಿಗೊಂದು ಉಂಡೆ. ಅಡ್ಡಳತೆ ಅರ್ಧ ಮಿಲಿಮೀಟರಿನ ಆಸುಪಾಸು, ಗಸಗಸೆ ಕಾಳಿಗಿಂತಲೂ ಸಣ್ಣದು. ಅಷ್ಟರಲ್ಲೇ ಇಪ್ಪತ್ತೈದು ಸಾವಿರ ಕೋಶಗಳು ಹಿಡಿಸುತ್ತವೆ.

ಗಾಜಿನಾಚೆ ಯಂತ್ರ ಕೆಲಸಕ್ಕಿಳಿಯಿತು. ಸಣ್ಣ ನಳಿಕೆಯೊಂದು ಗುಳಿಯ ಮೇಲೆ ಇಳಿದು, ಉಸಿರೆಳೆದಂತೆ ಒಂದು ಉಂಡೆಯನ್ನು ತುದಿಗೆ ಅಂಟಿಸಿಕೊಂಡು ಮೇಲೆದ್ದಿತು. ಕ್ಯಾಮೆರಾ ಅದರ ಗಾತ್ರವನ್ನೂ ದುಂಡುತನವನ್ನೂ ಅಳೆಯಿತು. ಆಮೇಲೆ ನಳಿಕೆ ತನಗೆ ಗೊತ್ತಾದ ಸೂಜಿಯ ನೆತ್ತಿಗೆ ಬಂದು, ನೇರ ಕೆಳಗಿಳಿದು, ಉಂಡೆಯ ನಟ್ಟನಡುವೆ ಸೂಜಿ ಹಾಯುವಂತೆ ಒತ್ತಿ ಬಿಟ್ಟು ಹಿಂದಿರುಗಿತು. ಮತ್ತೆ ಇನ್ನೊಂದು. ಮತ್ತೊಂದು. ಯಾವ ಸೂಜಿಗೆ ಎಷ್ಟು ಉಂಡೆ, ಯಾವ ಸೂಜಿ ಖಾಲಿ ಎನ್ನುವುದು ಮೊದಲೇ ಕಂಪ್ಯೂಟರಿನಲ್ಲಿ ಬರೆದಿಟ್ಟಿರುತ್ತದೆ. ನಡುವಿನ ಸೂಜಿಗಳನ್ನು ಖಾಲಿ ಬಿಟ್ಟು ಸುತ್ತಲೂ ಏರಿಸುತ್ತ ಹೋದರೆ ಕೊಳವೆ.

“ಉದುರಿಹೋಗುವುದಿಲ್ಲವೇ?” ಎಂದೆ.

ಜೊತೆಗಿದ್ದ ಯುವ ಸಂಶೋಧಕಿ ನಕ್ಕರು. “ಹದ ತಪ್ಪಿದರೆ ಹೋಗುತ್ತವೆ. ತೀರ ಎಳೆಯ ಉಂಡೆ ಸೂಜಿ ತಗುಲಿದರೆ ಒಡೆಯುತ್ತದೆ. ಚಿಕ್ಕದಾದರೆ ಪಕ್ಕದ್ದನ್ನು ಮುಟ್ಟುವುದಿಲ್ಲ. ದೊಡ್ಡದಾದರೆ ಒಳಗೇ ಸಾಯುತ್ತದೆ, ಸರ್.”

ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ರಕ್ತನಾಳವಿಲ್ಲದ ಕಡೆ ಆಮ್ಲಜನಕ ಸೋರಿ ಒಳಹೋಗುವ ದೂರ ನೂರಿನ್ನೂರು ಮೈಕ್ರಾನಿನಷ್ಟೆ. ಅದಕ್ಕಿಂತ ಆಳದಲ್ಲಿರುವ ಕೋಶಕ್ಕೆ ಉಸಿರಿಲ್ಲ. ಹೃದಯ, ಮೂತ್ರಪಿಂಡಗಳನ್ನೆಲ್ಲ ನಾಳೆಯೇ ಅಚ್ಚು ಹಾಕಿಬಿಡುತ್ತಾರೆ ಎಂದು ಪತ್ರಿಕೆಗಳು ಬರೆಯುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಸೂಜಿಗಳ ನಡುವಿನ 400 ಮೈಕ್ರಾನ್ ಅಂತರ ಕೂಡ ಹುಚ್ಚು ಹಟವಲ್ಲ. ಉಂಡೆ ಅದಕ್ಕಿಂತ ತುಸು ಅಗಲವಿರುವುದರಿಂದ ನೆರೆಯದಕ್ಕೆ ಒತ್ತಿಕೊಂಡೇ ಕೂರುತ್ತದೆ. ಒತ್ತಿಕೊಂಡರೆ ಕೂಡುತ್ತದೆ. ಯಂತ್ರದ ಜಾಣತನವೆಲ್ಲ ಇಡುವುದರಲ್ಲಿ. ಕೂಡಿಸುವ ವಿದ್ಯೆ ಅದಕ್ಕೆ ಗೊತ್ತಿಲ್ಲ.

ಕೂಡಿಸುವ ಕೆಲಸಕ್ಕೆ ಸುಮಾರು ಒಂದು ವಾರ. ಪೋಷಕ ದ್ರವದಲ್ಲಿ, ಮೈಶಾಖದಲ್ಲಿ, ಸೂಜಿಗೆ ಸಿಕ್ಕಿಕೊಂಡೇ ಉಂಡೆಗಳು ಒಂದರೊಳಗೊಂದು ಬೆರೆಯುತ್ತವೆ. ಗಡಿಗಳು ಅಳಿಸುತ್ತವೆ. ಆಮೇಲೆ ಸೂಜಿಗಳಿಂದ ಬಿಡಿಸಿ ತೆಗೆಯುತ್ತಾರೆ. ತೂತು ಉಳಿಯಬೇಕಲ್ಲ? ಉಳಿಯುವುದಿಲ್ಲ, ಕೋಶಗಳು ಜರುಗಿ ಮುಚ್ಚಿಬಿಡುತ್ತವೆ. ಅಷ್ಟು ನಿಖರವಾಗಿ ಚುಚ್ಚಿದ್ದರ ಗುರುತೇ ಇಲ್ಲದ ಹಾಗೆ.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಕಯಾಮ ಅವರ ಗುಂಪು 500 ಉಂಡೆಗಳಿಂದ ಒಂದೂವರೆ ಮಿಲಿಮೀಟರ್ ಒಳ ಅಗಲದ ಕೊಳವೆ ಮಾಡಿ ಇಲಿಗಳ ಹೊಟ್ಟೆಯ ಮಹಾಧಮನಿಗೆ ಹೊಲಿಯಿತು. ಅಂದರೆ ಒಂದು ಕೊಳವೆಗೆ ಒಂದೂಕಾಲು ಕೋಟಿ ಮನುಷ್ಯ ಕೋಶಗಳು. ರಕ್ತ ಹರಿಯಿತು. ಐದು ದಿನಗಳಲ್ಲಿ ಗೋಡೆ ತೆಳುವಾಗಿ, ಒಳದಾರಿ ಅಗಲವಾಗಿ, ಒಳಗೋಡೆಯ ಉದ್ದಕ್ಕೂ ನಾಳದ ಕೋಶಗಳ ಪದರವೊಂದು ಸಾಲುಗಟ್ಟಿತ್ತು. ಮೂರು ಜಾತಿಯ ಕೋಶಗಳನ್ನು ಬೆರೆಸಿ ಕೊಟ್ಟದ್ದಷ್ಟೇ ಮನುಷ್ಯರ ಕೆಲಸ. ಮುಂದೆ ಡಯಾಲಿಸಿಸ್ ರೋಗಿಗಳಿಗೆ ಅವರದೇ ಚರ್ಮದ ಕೋಶಗಳಿಂದ ರಕ್ತನಾಳ ಮಾಡಿ ಕೂರಿಸುವ ಪ್ರಯತ್ನಕ್ಕೂ ಸಾಗಾದಲ್ಲಿ ಕೈಹಾಕಿದರು.

ಅಲ್ಲಿಂದ ನಾನು ಕ್ಯೋಟೊಗೆ ಹೋದದ್ದಕ್ಕೆ ಎರಡು ಕಾರಣ. ಇಕೆಬಾನಾದ ತವರು ಅದು. ಊರ ನಡುವಿನ ರೊಕ್ಕಾಕುದೋ ದೇವಸ್ಥಾನದ ಅರ್ಚಕ ಮನೆತನವೇ ಇಕೆನೊಬೊ ಪರಂಪರೆ. ಅವರಲ್ಲೊಬ್ಬರ ಹೂಜೋಡಣೆ ನೋಡಲು ಜನ ನೆರೆದರೆಂಬ ದಾಖಲೆ 1462ರದ್ದು. ಇನ್ನೊಂದು ಕಾರಣ ಕಾಮೊ ನದಿಯ ಆಚೆ ದಡದಲ್ಲಿದೆ, ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆ. ಕೈಯ ನರ ತುಂಡಾದ ಮೂವರಿಗೆ ಅಲ್ಲಿಯ ವೈದ್ಯರು ಸೂಜಿಗಳ ಮೇಲೆ ಕಟ್ಟಿದ ಕೊಳವೆಗಳನ್ನು ಜೋಡಿಸಿದರು. ಫಲಿತಾಂಶ ಹೊರಬಂದದ್ದು 2023ರಲ್ಲಿ. ಮೂವರಿಗೂ ಸ್ಪರ್ಶಜ್ಞಾನ ಚೇತರಿಸಿತ್ತು. ವಾಡಿಕೆಯಂತೆ ಮಾಡಿದ್ದರೆ ಕಾಲಿನ ಒಂದು ನರವನ್ನೇ ಕತ್ತರಿಸಿ ತಂದು ಕೈಗೆ ಕಸಿ ಮಾಡಬೇಕಿತ್ತು. ಕಾಲಿನ ಆ ಜಾಗ ಜೋಮು ಹಿಡಿದೇ ಉಳಿಯುತ್ತದೆ.

ಆ ಕೊಳವೆ ನರವಲ್ಲ, ನರಕ್ಕೆ ದಾರಿ. ತುಂಡಾದ ತುದಿಯಿಂದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಚಿಗುರುತ್ತ, ಆ ದಾರಿಯಲ್ಲಿ ತೆವಳುತ್ತ, ಬೆರಳ ತುದಿಯನ್ನು ತಾವೇ ಹುಡುಕಿಕೊಳ್ಳಬೇಕು. ಅವನ್ನು ಹಿಡಿದು ಇಂತಲ್ಲಿ ಕೂರು ಎಂದು ಇಡುವ ನಳಿಕೆ ಯಾವುದೂ ಇಲ್ಲ.

ಬೆರಳಿಗೆ ಎಷ್ಟು ಅರಿವು ಮರಳಿದೆ ಎಂದು ತಿಳಿಯಲು ವೈದ್ಯರ ಬಳಿ ಹಳೆಯದೊಂದು ಪರೀಕ್ಷೆಯಿದೆ. ಕಣ್ಣು ಮುಚ್ಚಿಸಿ, ಎರಡು ಮೊನೆಗಳನ್ನು ಒಟ್ಟಿಗೇ ತಾಗಿಸಿ, ಒಂದೋ ಎರಡೋ ಎಂದು ಕೇಳುವುದು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ ಎರಡೆಂದು ತಿಳಿಯುತ್ತದೆ. ಕಾಮೊ ದಂಡೆಯ ಕಲ್ಲುಬೆಂಚಿನಲ್ಲಿ ಕೂತು, ಊಟದ ಡಬ್ಬಿಯೊಂದಿಗೆ ಬಂದಿದ್ದ ಎರಡು ಹಲ್ಲುಕಡ್ಡಿಗಳಿಂದ ನನ್ನ ಮೇಲೇ ಪ್ರಯೋಗ ಮಾಡಿಕೊಂಡೆ. ಬೆರಳು ಗೆದ್ದಿತು. ಮೊಣಕೈ ಕೆಳಗೆ ಎರಡು ಸೆಂಟಿಮೀಟರ್ ದೂರ ಇಟ್ಟರೂ ಒಂದೇ ಅನ್ನಿಸಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಬರದ ಜಪಾನಿಯಲ್ಲಿ, ಬರುವ ಕೈಸನ್ನೆಯಲ್ಲಿ ವಿವರಿಸಿದೆ. ಕಡ್ಡಿಗಳನ್ನು ಇಸಿದುಕೊಂಡವರೇ, ತೂಕಡಿಸುತ್ತಿದ್ದ ತಮ್ಮ ಯಜಮಾನರ ಕತ್ತಿನ ಹಿಂದೆ ಚುಚ್ಚಿ, ಎಷ್ಟು ಎಂದು ಕೇಳಿದರು.